ಎಲ್ಲಾ ಗಿಡ ಬೋಳಾದಾಗಲೂ ಹಸಿರಾಗಿರುವ ಪೊದೆ ಯಾವುದು?

ಬಂಡೀಪುರದ ಲಂಟಾನ ನೋಡಿದವರಿಗೆ, ಹೊರಗಿನಿಂದ ಬಂದ ಪೊದೆ ಕಾಡನ್ನು ಹೇಗೆ ನುಂಗುತ್ತದೆ ಎಂದು ಹೇಳಬೇಕಿಲ್ಲ. ಅಮೆರಿಕದ ಮಿನೆಸೋಟ, ವಿಸ್ಕಾನ್ಸಿನ್, ಮಿಷಿಗನ್ ಕಡೆ ಬಕ್‌ಥಾರ್ನ್, ಹನಿಸಕಲ್, ಬಾರ್ಬೆರಿ ಗಿಡಗಳದ್ದೂ ಅದೇ ಕಥೆ. ಬೇಲಿಗೆ, ಅಂದಕ್ಕೆ ಎಂದು ಜನರೇ ತಂದು ನೆಟ್ಟವು. ಅಲ್ಲಿ ನೆಲೆಸಿರುವ ಕನ್ನಡಿಗರ ಹಿತ್ತಿಲಲ್ಲೂ ಇರಬಹುದು.

ಬಕ್‌ಥಾರ್ನ್ ಹುಡುಕಲು ಒಳ್ಳೆಯ ಸಮಯ ಅಕ್ಟೋಬರ್ ಕೊನೆ, ನವೆಂಬರ್ ಶುರು. ಅಲ್ಲಿಯದೇ ಆದ ಗಿಡಗಳು ಅಷ್ಟರಲ್ಲಿ ಎಲೆ ಉದುರಿಸಿರುತ್ತವೆ. ಬಕ್‌ಥಾರ್ನ್ ಮಾತ್ರ ಇನ್ನೂ ಹಸಿರು. ದೂರದಿಂದಲೇ ಕಾಣುತ್ತದೆ.

ಈಗ ಹತ್ತಿರ ಹೋಗಿ. ಎಲೆಯ ಅಂಚಿನಲ್ಲಿ ಸಣ್ಣ ಹಲ್ಲುಗಳಿವೆಯೇ? ನರಗಳು ತುದಿಯ ಕಡೆಗೆ ಬಾಗಿವೆಯೇ? ರೆಂಬೆಯ ತುದಿಯಲ್ಲಿ, ಎರಡು ಮೊಗ್ಗುಗಳ ನಡುವೆ, ಪುಟ್ಟ ಮುಳ್ಳೊಂದು ಇರುತ್ತದೆ. ಕೊನೆಗೆ ಚಾಕುವಿನಿಂದ ತೊಗಟೆ ಸ್ವಲ್ಪ ಕೆರೆಯಿರಿ. ಒಳಗೆ ಕಿತ್ತಳೆ ಬಣ್ಣ ಕಂಡರೆ ಅನುಮಾನವೇ ಬೇಡ. ಅಲ್ಲಿಯ ಕಾಡು ಚೆರ್ರಿಯನ್ನು ಇದೇ ಎಂದುಕೊಳ್ಳುವವರು ಜಾಸ್ತಿ. ಚೆರ್ರಿ ರೆಂಬೆ ಕೆರೆದರೆ ಕಹಿ ಬಾದಾಮಿಯ ವಾಸನೆ ಬರುತ್ತದೆ, ಮುಳ್ಳೂ ಇರುವುದಿಲ್ಲ.

ಬಕ್‌ಥಾರ್ನ್‌ನ ಕಪ್ಪು ಹಣ್ಣನ್ನೇ ನಂಬಿಕೊಂಡು ಹುಡುಕಬೇಡಿ. ಹಣ್ಣು ಬಿಡುವುದು ಹೆಣ್ಣು ಗಿಡ ಮಾತ್ರ. ಅಂದಹಾಗೆ, ಮಕ್ಕಳು ಅದನ್ನು ಬಾಯಿಗೆ ಹಾಕದಂತೆ ನೋಡಿಕೊಳ್ಳಿ, ಹೊಟ್ಟೆ ಕೆಟ್ಟು ಭೇದಿ ಶುರುವಾಗುತ್ತದೆ.

ಹನಿಸಕಲ್ ಪೊದೆಯ ಎಲೆಗಳು ಎದುರುಬದುರು ಜೋಡಿಯಾಗಿರುತ್ತವೆ, ಹಣ್ಣು ಕೆಂಪು. ಆದರೆ ಗುಟ್ಟಿರುವುದು ಕಾಂಡದೊಳಗೆ. ಬಲಿತ ರೆಂಬೆಯನ್ನು ಕತ್ತರಿಸಿ ನೋಡಿ. ಹೊರಗಿನಿಂದ ಬಂದದ್ದಾದರೆ ನಡುವೆ ಟೊಳ್ಳು. ಅಲ್ಲಿಯದೇ ಹನಿಸಕಲ್ ಆದರೆ ಬಿಳಿ ತಿರುಳು ತುಂಬಿರುತ್ತದೆ.

ಜಪಾನಿನಿಂದ ಬಂದ ಬಾರ್ಬೆರಿಗೆ ದಪ್ಪ ಕೈಗವಸು ಬೇಕೇ ಬೇಕು. ಗಿಣ್ಣಿಗೊಂದು ಸೂಜಿಮುಳ್ಳು, ಪುಟಾಣಿ ಎಲೆ, ಕೆರೆದರೆ ಒಳಗೆ ಅರಿಶಿನದಂಥ ಹಳದಿ. ಜಿಂಕೆಗಳು ಇದನ್ನು ಮುಟ್ಟುವುದು ಕಡಿಮೆ. ತಂಪಾದ ಈ ಪೊದೆಯಡಿ ಉಣುಗುಗಳು ಚೆನ್ನಾಗಿ ಬೆಳೆಯುತ್ತವೆ. ಮನೆಗೆ ಬಂದ ಮೇಲೆ ಕಾಲು, ಬಟ್ಟೆ ಸರಿಯಾಗಿ ನೋಡಿಕೊಳ್ಳಿ.

ಗುರುತು ಸಿಕ್ಕಿದ ಗಿಡಕ್ಕೆ, ಆಮೇಲೆ ತೆಗೆಯುವಾಗ ಗೊತ್ತಾಗುವಂತೆ, ಬಣ್ಣದ ಟೇಪು ಕಟ್ಟಿಡಿ. ಬಕ್‌ಥಾರ್ನ್ ಅನ್ನು ಸುಮ್ನೆ ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಸಣ್ಣ ಸಸಿಗಳನ್ನಾದರೆ ಮಳೆ ಬಿದ್ದು ಮಣ್ಣು ಮೆತ್ತಗಾದಾಗ ಬೇರು ಸಮೇತ ಕೀಳಬಹುದು.