ಕೈಗೆ ಮೇಷ್ಟ್ರು, ಕಿವಿಗೆ ನಾನೇ

ಗಿಟಾರ್ ಮೇಷ್ಟ್ರ ಹತ್ತಿರ ಕಲಿಯಬೇಕೋ, ತಾವೇ ಕಲಿಯಬಹುದೋ ಎಂಬ ಚರ್ಚೆ ಇದ್ದೇ ಇದೆ. ನಾನು ಶುರು ಮಾಡಿದ್ದು ಮೇಷ್ಟ್ರ ಹತ್ತಿರ. ಕೆಲವು ತಿಂಗಳಾದ ಮೇಲೆ ಕ್ಲಾಸ್ ಬಿಟ್ಟು ಒಬ್ಬನೇ ಕಲಿತೆ. ಎರಡನ್ನೂ ನೋಡಿದ ಮೇಲೆ ನನಗನಿಸುವುದು ಇಷ್ಟೇ: ಕೈ ತಿದ್ದಿಕೊಳ್ಳಲು ಇನ್ನೊಬ್ಬರು ಬೇಕು, ಕಿವಿ ಮಾತ್ರ ನಾವೇ ಬೆಳೆಸಿಕೊಳ್ಳಬೇಕು.

ಕೈ ವಿಷಯಕ್ಕೆ ಎಫ್ ಕಾರ್ಡ್ (ಹಲವು ಸ್ವರ ಒಟ್ಟಿಗೆ ನುಡಿಸುವ ಒಂದು ಹಿಡಿತ) ನೋಡಿ. ಹೊಸಬರು ಗಿಟಾರ್ ಮೂಲೆಗಿಡುವುದು ಹೆಚ್ಚಾಗಿ ಇಲ್ಲೇ. ತೋರುಬೆರಳಲ್ಲಿ ಆರೂ ತಂತಿಗಳನ್ನು ಅದುಮಬೇಕು ಎಂದು ಶಕ್ತಿಯೆಲ್ಲ ಹಾಕುತ್ತೇವೆ, ಅಲ್ವಾ? ಮೇಷ್ಟ್ರು ನನ್ನ ಬೆರಳು ನೋಡಿ ಹೇಳಿದರು, ಆ ಬೆರಳು ನಿಜವಾಗಿ ಹಿಡಿಯಬೇಕಾದದ್ದು ಒಂದು, ಎರಡು ಮತ್ತು ಆರನೇ ತಂತಿಯನ್ನು ಮಾತ್ರ. ಮಧ್ಯದ ಮೂರನ್ನು ಉಳಿದ ಬೆರಳುಗಳು ನೋಡಿಕೊಳ್ಳುತ್ತವೆ. ಬೆರಳನ್ನು ಸ್ವಲ್ಪ ಪಕ್ಕಕ್ಕೆ ವಾಲಿಸಿ, ಗಿಟಾರ್ ಕತ್ತಿನ ಲೋಹದ ಅಡ್ಡಪಟ್ಟಿಗೆ, ಅಂದರೆ ಫ್ರೆಟ್‌ಗೆ ತಾಗುವಷ್ಟು ಹತ್ತಿರ ಇಡಲು ಹೇಳಿದರು. ಅದೇ ಆಕಾರವನ್ನು ಮೊದಲು ಐದನೇ ಫ್ರೆಟ್‌ನಲ್ಲಿ ಹಿಡಿಸಿದರು. ಮೊದಲನೇ ಫ್ರೆಟ್ ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿಯಾದ ನಟ್‌ಗೆ ಅಂಟಿಕೊಂಡಿರುವುದರಿಂದ ಅಲ್ಲಿ ತಂತಿ ಬಿಗಿ, ಐದರಲ್ಲಿ ಸಲೀಸು. ಅಲ್ಲಿಂದ ಒಂದೊಂದೇ ಫ್ರೆಟ್ ಹಿಂದಕ್ಕೆ ಬಂದರೆ ಆಯಿತು. ಇದೆಲ್ಲ ವಿಡಿಯೋದಲ್ಲೂ ಸಿಗುತ್ತದೆ. ಆದರೆ ನನ್ನ ಮಣಿಕಟ್ಟು ಜಾಸ್ತಿ ಬಾಗಿದೆ ಎಂದು ವಿಡಿಯೋ ಹೇಳುವುದಿಲ್ಲ.

ಕಿವಿಯದು ಬೇರೆ ಕಥೆ. ಕ್ಲಾಸಿನಲ್ಲಿ ಕಾರ್ಡ್ ಬರೆದಿರುವ ಹಾಳೆ ಕೈಗೆ ಬರುತ್ತದೆ. ಹಾಳೆ ಇದ್ದರೆ ಕಿವಿಗೆ ಕೆಲಸವೇ ಇಲ್ಲ. ಕ್ಲಾಸ್ ಬಿಟ್ಟ ಮೇಲೆ ಹಾಳೆ ನೋಡದೆ ಹಾಡು ಹಿಡಿಯಲು ಕೂತೆ. ಒಂದು ಸಾಲನ್ನು ಅರ್ಧ ವೇಗದಲ್ಲಿ ಹಾಕಿ ಮತ್ತೆ ಮತ್ತೆ ಕೇಳುವುದು. ಮೊದಲು ಬೇಸ್ ಸ್ವರ (ಎಲ್ಲಕ್ಕಿಂತ ತಗ್ಗಿನ ಸ್ವರ) ಮಾತ್ರ ಗುನುಗಿ, ದಪ್ಪಗಿನ ಆರನೇ ತಂತಿಯಲ್ಲಿ ಅದನ್ನು ಹುಡುಕುವುದು. ಅದುಮದೆ ಬಿಟ್ಟ ತಂತಿ ಇ ಸ್ವರ, ಮೂರನೇ ಫ್ರೆಟ್ ಜಿ, ಎಂಟನೇದು ಸಿ, ಹತ್ತನೇದು ಡಿ. ಸ್ವರ ಸಿಕ್ಕ ಮೇಲೆ ಅದರ ಮೇಜರ್, ಮೈನರ್ ಕಾರ್ಡ್ (ಒಂದಕ್ಕೆ ಉಲ್ಲಾಸದ, ಇನ್ನೊಂದಕ್ಕೆ ಬೇಸರದ ಛಾಯೆ) ಎರಡನ್ನೂ ನುಡಿಸಿ ನೋಡುವುದು. ಹೊಂದದೇ ಇರುವುದು ತಾನಾಗಿಯೇ ಚುಚ್ಚುತ್ತದೆ. ಹಾಡು ಜಿ ಮೇಜರ್‌ನಲ್ಲಿದ್ದರೆ ಜಿ, ಸಿ, ಡಿ, ಇ ಮೈನರ್ ಈ ನಾಲ್ಕು ಕಾರ್ಡ್ಗಳಲ್ಲೇ ಎಷ್ಟೋ ಸಲ ಮುಗಿದುಹೋಗುತ್ತದೆ. ಬರಬರುತ್ತಾ ಬೇಸ್ ಹುಡುಕುವ ಮೊದಲೇ ಕೈ ಡಿ ಕಡೆ ಹೋಗುತ್ತಿತ್ತು. ಯಾರೋ ಪಕ್ಕದಲ್ಲಿ ಕೂತು ಉತ್ತರ ಹೇಳುತ್ತಿದ್ದರೆ ಇದು ಬರುತ್ತಿರಲಿಲ್ಲ.

ಈ ಚರ್ಚೆಯಲ್ಲಿ ಅಮೆರಿಕದ ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಹೆಸರು ಬಂದೇ ಬರುತ್ತದೆ, ಅವರು ತಾವೇ ಕಲಿತವರು ಅಂತ. ನಿಜ. ಆದರೆ ಹೆಸರು ಮಾಡುವ ಮುಂಚೆ ಐಸ್ಲಿ ಬ್ರದರ್ಸ್ ತಂಡ, ಗಾಯಕ ಲಿಟಲ್ ರಿಚರ್ಡ್ ಅವರ ಹಿಂದೆ ನಿಂತು ನುಡಿಸುತ್ತಿದ್ದರು. ಅದನ್ನು ಒಬ್ಬನೇ ಕಲಿಯುವುದು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಶಿಸ್ತಿನ ಮಾತು ಬಿಡಿ. ಕ್ಲಾಸ್ ಇದೆ ಎಂಬ ಹೆದರಿಕೆಯಿಂದ ಅಭ್ಯಾಸ ಮಾಡುವವರೂ ಇದ್ದಾರೆ, ಅದು ಅವರವರ ಸ್ವಭಾವ. ಕ್ಲಾಸಿಕಲ್ ಗಿಟಾರ್ ಆದರೆ ಮಾತ್ರ ನಾನು ಕ್ಲಾಸೇ ಎನ್ನುತ್ತೇನೆ. ಅಲ್ಲಿ ಬಲಗೈಯ ಪ್ರತಿ ಬೆರಳಿಗೂ ಕೆಲಸ ಹಂಚಿರುತ್ತದೆ, ಉಗುರು ಎಷ್ಟು ಬಿಡಬೇಕು ಎನ್ನುವುದೂ ಪಾಠವೇ.

ಈಗಲೂ ಆಗೊಮ್ಮೆ ಈಗೊಮ್ಮೆ ಮೇಷ್ಟ್ರ ಹತ್ತಿರ ಹೋಗುತ್ತೇನೆ. ಸುಮ್ನೆ ಹೋಗುವುದಿಲ್ಲ. ಎಡವುತ್ತಿರುವ ಜಾಗವನ್ನು ತಾಳ ಬಡಿಯುವ ಮೆಟ್ರೊನೋಮ್ ಜೊತೆ ನುಡಿಸಿ ತೋರಿಸಿ, ಕೈ ನೋಡಿ ಎನ್ನುತ್ತೇನೆ.