ವಾರಕ್ಕೊಂದು ದಿನ ಮರದ ಡ್ಯೂಟಿ

ರಿಟೈರ್ ಆದ ಮೇಲಿನ ಮೊದಲ ಸೋಮವಾರ ಒಂಬತ್ತೂಕಾಲಿಗೆ ಶೂ ಹಾಕಿಕೊಂಡು ಹಾಲ್‌ನಲ್ಲಿ ಕೂತಿದ್ದೆ. ‘ಎಲ್ಲಿಗ್ರೀ?’ ಅಂದಳು ಮನೆಯಾಕೆ. ಉತ್ತರ ಇರಲಿಲ್ಲ.

ಮುಂದಿನ ನಾಲ್ಕು ತಿಂಗಳು ಎಲ್ಲರೂ ಹೇಳಿದ್ದನ್ನೆಲ್ಲ ಮಾಡಿದೆ. ಸುಡೊಕು, ಯೋಗ, ವಾಟ್ಸ್‌ಆ್ಯಪ್. ಯಾವುದೂ ಕೆಟ್ಟದ್ದಲ್ಲ. ಆದರೆ ನಾನು ಅವನ್ನು ನಿಲ್ಲಿಸಿಬಿಟ್ಟರೂ ಯಾರಿಗೂ ಏನೂ ಆಗುತ್ತಿರಲಿಲ್ಲ, ಅದೇ ತೊಂದರೆ. 35 ವರ್ಷ ಹಾಜರಿ ಹಾಕಿದವನಿಗೆ ಟೈಂಪಾಸ್ ಸಾಲದು. ಹೋಗದಿದ್ದರೆ ಖಾಲಿ ಉಳಿಯುವ ಒಂದು ಕಾಲಂ ಬೇಕು.

ನನಗೆ ಸಿಕ್ಕಿದ್ದು ಮರ ನೋಡುವ ಕೆಲಸ. ‘ಸೀಸನ್‌ವಾಚ್’ ಅಂತ ಒಂದು ಯೋಜನೆ ಇದೆ. ತಮ್ಮ ಸುತ್ತಲಿನ ಮರ ಯಾವಾಗ ಚಿಗುರಿತು, ಹೂ ಬಿಟ್ಟಿತು, ಕಾಯಿ ಕಟ್ಟಿತು ಅಂತ ಜನ ವಾರವಾರ ಬರೆದು ಕಳಿಸುತ್ತಾರೆ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಇದರ ಹಿಂದಿದೆ. ಸಸ್ಯಶಾಸ್ತ್ರ ಓದಿರಬೇಕಿಲ್ಲ. ಬರೆದಿಟ್ಟು ಏನುಪಯೋಗ ಅಂತೀರಾ? ಕೇರಳದಲ್ಲಿ ಏಪ್ರಿಲ್ ನಡುವೆ ಬರುವ ವಿಷುವಿಗೆ ಕಕ್ಕೆ ಹೂ ಬೇಕೇ ಬೇಕು. ಈಗೀಗ ಅದು ಹಬ್ಬಕ್ಕೆ ಮುಂಚೆಯೇ ಅರಳುತ್ತಿದೆ ಅನ್ನುವ ಮಾತಿದೆ. ನಮ್ಮಲ್ಲೂ ಮಾವಿನ ಬಗ್ಗೆ ಇಂಥ ಮಾತು ಕೇಳುತ್ತೇವೆ ಅಲ್ವಾ? ಮಾತು ಲೆಕ್ಕವಾಗಬೇಕಾದರೆ ಒಂದೇ ಮರವನ್ನು ವರ್ಷಗಟ್ಟಲೆ ನೋಡಿದವರು ಬೇಕು. ಅಷ್ಟು ಪುರುಸೊತ್ತು ನಮಗಲ್ಲದೆ ಇನ್ಯಾರಿಗಿದೆ?

ಮೊದಲು ಮರ ಆರಿಸಿ. ಹಾಲು ತರುವ ದಾರಿಯಲ್ಲೇ ಇರಲಿ. ಅಪರೂಪದ್ದು ಬೇಡ, ಹೆಸರು ಗೊತ್ತಿರುವ ಮಾವು, ಬೇವು, ಹುಣಸೆ, ಹಲಸು ಸಾಕು. ತುದಿವರೆಗೂ ಕಾಣಬೇಕು. ಬೇರೆಯವರ ಕಾಂಪೌಂಡಿನೊಳಗಿನದು ಬೇಡವೇ ಬೇಡ. ವಾರವಾರ ಇಣುಕಿದರೆ ಯಾರಾದರೂ ಏನಂದುಕೊಂಡಾರು?

ಆಮೇಲೆ ವಾರ ಗೊತ್ತುಮಾಡಿಕೊಳ್ಳಿ. ನನ್ನದು ಸೋಮವಾರ.

ನೋಡಬೇಕಾದ್ದು ಮೂರು: ಎಲೆ, ಹೂ, ಕಾಯಿ. ಎಲೆಯಲ್ಲಿ ಚಿಗುರು, ಬಲಿತದ್ದು, ಹಣ್ಣಾದದ್ದು. ಹೂವಲ್ಲಿ ಮೊಗ್ಗು, ಅರಳಿದ್ದು. ಕಾಯಲ್ಲಿ ಎಳೆಯದು, ಮಾಗಿದ್ದು. ಒಂದೊಂದಕ್ಕೂ ‘ಇಲ್ಲ’, ‘ಸ್ವಲ್ಪ’, ‘ಜಾಸ್ತಿ’ ಅಂತ ಬರೆದರೆ ಮುಗಿಯಿತು. ಮರದ ಮೂರನೇ ಒಂದು ಭಾಗ ದಾಟಿದರೆ ‘ಜಾಸ್ತಿ’.

ಕೇಳಲು ಸುಲಭ. ನನ್ನ ಮರ ಹೊಂಗೆ. ಎಲೆಗಳ ಮೇಲೆ ಸಣ್ಣ ಹಸಿರು ಬೆರಳುಗಳ ಹಾಗೆ ಎದ್ದಿದ್ದವು. ಮೊಗ್ಗು ಅಂದುಕೊಂಡು ಎರಡು ವಾರ ‘ಸ್ವಲ್ಪ’ ಅಂತ ಬರೆದೆ. ಮೂರನೇ ವಾರ ಬಾಗಿದ ಕೊಂಬೆ ಹಿಡಿದು ನೋಡಿದರೆ ಅವು ಗಂಟುಗಳು! ಕಣ್ಣಿಗೆ ಕಾಣದ ನುಸಿ ಮಾಡುವ ಕೆಲಸವಂತೆ. ನಿಜವಾದ ಮೊಗ್ಗು ಎಲೆಯ ಮೇಲಲ್ಲ, ಎಲೆಯ ಬುಡದಿಂದ ಹೊರಡುವ ಗೊಂಚಲಲ್ಲಿರುತ್ತದೆ. ಹೊಂಗೆಯ ಕಾಯಿ ಮಾಗಲು ಹತ್ತಿರ ಹತ್ತಿರ ಒಂದು ವರ್ಷ ಬೇಕು. ಹಾಗಾಗಿ ಹೊಸ ಹೂವಿನ ಪಕ್ಕದಲ್ಲೇ ಹೋದ ವರ್ಷದ ಕಾಯಿ ನೇತಾಡುತ್ತಿರುತ್ತದೆ. ಎರಡನ್ನೂ ಬರೆಯಿರಿ. 60 ವರ್ಷ ಹೊಂಗೆ ನೆರಳಲ್ಲಿ ಓಡಾಡಿದವನಿಗೆ ಇದು ಗೊತ್ತಿರಲಿಲ್ಲ ಅಂದರೆ ನೋಡಿ.

ಮರದ ಕೆಳಗೇ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮನೆಗೆ ಬಂದು ನೆನಪಿನಿಂದ ತುಂಬಬೇಡಿ, ನೆನಪು ನಮಗೆ ಬೇಕಾದ್ದನ್ನೇ ಹೇಳುತ್ತದೆ. ಒಂದು ವಾರ ತಪ್ಪಿತೋ, ಖಾಲಿ ಬಿಡಿ. ಹಿಂದಿನ ತಾರೀಕು ಹಾಕಿ ಸರಿಮಾಡುವ ಆಫೀಸಿನ ಚಾಳಿ ಇಲ್ಲಿ ಬೇಡ. ಮೊಬೈಲ್ ಆ್ಯಪಿಗೆ ಏರಿಸುವುದನ್ನು ಮೊಮ್ಮಗಳು ತೋರಿಸಿಕೊಟ್ಟಳು. ಮೂರನೇ ಸಲಕ್ಕೆ ಕೈಗೆ ಬಂತು. ಕತ್ತೆತ್ತಿ ಜಾಸ್ತಿ ಹೊತ್ತು ನಿಲ್ಲಬೇಡಿ, ತಲೆ ಸುತ್ತುತ್ತದೆ. ಸ್ವಲ್ಪ ದೂರ ನಿಂತು ನೋಡಿ.

ಊರಿಗೆ ಹೋಗುವಾಗ ಚಾರ್ಜ್ ಒಪ್ಪಿಸಿ ಹೋಗಿ. ನಾನು ಮಗಳ ಮನೆಗೆ ಹೊರಟಾಗ ಮರದಡಿ ಇಸ್ತ್ರಿ ಗಾಡಿ ನಿಲ್ಲಿಸುವವರಿಗೆ ಹೇಳಿದ್ದೆ. ಎರಡನೇ ವಾರ ಫೋನ್ ಬಂತು. ‘ಸಾರ್, ಬಟ್ಟೆ ಮೇಲೆಲ್ಲ ಮಂಡಕ್ಕಿ ಚೆಲ್ಲಿದಂಗೆ ಹೂ ಬೀಳ್ತಾ ಐತೆ. ಸ್ವಲ್ಪ ಅಂತ ಬರೀಲಾ, ಜಾಸ್ತಿ ಅಂತ ಬರೀಲಾ?’