ವಾಣಿಜ್ಯ ಶೌಚಾಲಯದ ನಲ್ಲಿ, ಫಿಟ್ಟಿಂಗ್: ಐಎಸ್‌ಐ ಗುರುತು ಪರಿಶೀಲಿಸುವುದರಿಂದ ಕಡತ ಸಿದ್ಧಮಾಡುವವರೆಗೆ

ನಲ್ಲಿಯ ಮೇಲೆ ಹೆಸರಾಂತ ಕಂಪನಿಯ ಗುರುತಿದೆ, ಅಂಗಡಿಯವರು ‘ಐಎಸ್‌ಐ ಮಾಲೇ ಸಾರ್’ ಅಂದಿದ್ದಾರೆ. ಕೊಡಗಿನಲ್ಲಿ ಹೋಟೆಲು, ಹೋಮ್‌ಸ್ಟೇ, ಕಲ್ಯಾಣ ಮಂಟಪ ಕಟ್ಟಿಸುವವರು ಬಹುಪಾಲು ಇಷ್ಟಕ್ಕೇ ಮಾಲು ಇಳಿಸಿಕೊಳ್ಳುತ್ತಾರೆ. ಆದರೆ ಈ ಗುರುತು ಹಾಕಲು ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಕೊಡುವ ಪರವಾನಗಿ ಇಡೀ ಕಂಪನಿಗೆ ಒಟ್ಟಿಗೆ ಸಿಗುವಂಥದ್ದಲ್ಲ. ಅದು ಒಂದು ಕಾರ್ಖಾನೆಗೆ, ಒಂದು ಮಾನಕಕ್ಕೆ, ಅದರಲ್ಲೂ ಪರವಾನಗಿಯಲ್ಲಿ ಬರೆದ ಬಗೆಗಳಿಗೆ ಮಾತ್ರ. ಒಂದೇ ಬ್ರ್ಯಾಂಡಿನ, ಬೇಸಿನ್ ಮೇಲೆ ನೆಟ್ಟಗೆ ಕೂರುವ ಪಿಲ್ಲರ್ ಕಾಕ್‌ಗೆ ಪರವಾನಗಿ ಇದ್ದು, ಪಕ್ಕದ ಶೆಲ್ಫಿನಲ್ಲಿರುವ ಸೆನ್ಸರ್ ನಲ್ಲಿಗೆ ಇಲ್ಲದಿರಬಹುದು. ಹಾಗಾಗಿ ಪರಿಶೀಲನೆ ಐಟಂ ಐಟಂಗೂ ಆಗಬೇಕು, ಟೈಲ್ಸ್ ಕೂರಿಸುವ ಮೊದಲೇ ಆಗಬೇಕು.

ಆರ್ಡರ್ ಬರೆಯುವಾಗ

‘ಒಳ್ಳೆ ಕ್ವಾಲಿಟಿ ಸಿಪಿ ಫಿಟ್ಟಿಂಗ್’ (ಸಿಪಿ ಅಂದರೆ ಕ್ರೋಮ್ ಲೇಪಿತ) ಎಂದು ಬರೆದರೆ ನಾಳೆ ತಕರಾರು ಎತ್ತಲು ಆಧಾರವೇ ಇರುವುದಿಲ್ಲ. ಮಾನಕದ ಸಂಖ್ಯೆ, ಅಂದರೆ ‘ಐಎಸ್’ (ಭಾರತೀಯ ಮಾನಕ) ಎಂದು ಶುರುವಾಗುವ ಸಂಖ್ಯೆ ಬರೆಯಿರಿ. ಕ್ರೋಮ್ ಹಾಕಿದ ಪಿಲ್ಲರ್ ಕಾಕ್, ಆಂಗಲ್ ಕಾಕ್ (ಬೇಸಿನ್ ಕೆಳಗೆ ಗೋಡೆಗೆ ಹಾಕುವ ವಾಲ್ವ್), ಮಿಕ್ಸರ್‌ಗಳಿಗೆ ಐಎಸ್ 8931. ಹಳೇ ಮಾದರಿಯ ತಿರುಪಿನ ಬಿಬ್ ಕಾಕ್, ಸ್ಟಾಪ್ ಕಾಕ್‌ಗೆ ಐಎಸ್ 781. ಒತ್ತಿದರೆ ಬಂದು ತಾನಾಗಿ ನಿಲ್ಲುವ ಪುಶ್ ನಲ್ಲಿಗೆ ಐಎಸ್ 1711. ಕಮೋಡ್, ಬೇಸಿನ್, ಯೂರಿನಲ್‌ನಂಥ ಪಿಂಗಾಣಿ ಸಾಮಾನಿಗೆ ಐಎಸ್ 2556. ಇದರಲ್ಲಿ ಹಲವು ಭಾಗಗಳಿವೆ, ವಾಶ್ ಬೇಸಿನ್‌ಗೆ 4ನೇ ಭಾಗ, ಯೂರಿನಲ್‌ಗೆ 6ನೇ ಭಾಗ. ಪ್ಲಾಸ್ಟಿಕ್ ಫ್ಲಶ್ ಟ್ಯಾಂಕಿಗೆ ಐಎಸ್ 7231, ಫ್ಲಶ್ ವಾಲ್ವಿಗೆ ಐಎಸ್ 9758. ಬಿಸಿನೀರು, ತಣ್ಣೀರಿನ ಸಿಪಿವಿಸಿ ಪ್ಲಾಸ್ಟಿಕ್ ಪೈಪಿಗೆ ಐಎಸ್ 15778. ಮಲಿನ ನೀರಿನ ಎಸ್‌ಡಬ್ಲ್ಯುಆರ್ ಪೈಪಿಗೆ ಐಎಸ್ 13592, ಅದರಲ್ಲೂ ‘ಟೈಪ್ ಬಿ’ ಎಂದು ಸ್ಪಷ್ಟವಾಗಿ ಬರೆಯಿರಿ. ಟೈಪ್ ಎ ಇರುವುದು ಗಾಳಿ ಕೊಳವೆಗೆ, ಮಳೆ ನೀರಿಗೆ. ಅದರ ಗೋಡೆ ತೆಳು, ದರವೂ ಕಡಿಮೆ. ಕಮೋಡಿನ ಲೈನಿಗೆ ಅದನ್ನೇ ಹಾಕಿ ಹೋಗುವುದು ಈ ಕೆಲಸದ ಮಾಮೂಲಿ ಮೋಸ.

ಕೇಂದ್ರ ಸರ್ಕಾರದ ಗುಣಮಟ್ಟ ನಿಯಂತ್ರಣ ಆದೇಶದ ಅಡಿ ಬಂದ ವಸ್ತುವಿಗೆ ಐಎಸ್‌ಐ ಗುರುತು ಕಡ್ಡಾಯ. ಉಳಿದವಕ್ಕೆ ಅದು ತಯಾರಕರ ಇಚ್ಛೆ. ಆ ಪಟ್ಟಿ ಬದಲಾಗುತ್ತಿರುತ್ತದೆ, ಆದ್ದರಿಂದ ಖರೀದಿಗೆ ಮುನ್ನ ಬಿಐಎಸ್ ಜಾಲತಾಣದಲ್ಲಿ ನೋಡಿಕೊಳ್ಳಿ. ಕಡ್ಡಾಯ ಇಲ್ಲದ ವಸ್ತುವಿಗೂ ಆರ್ಡರಿನಲ್ಲಿ ‘ಐಎಸ್‌ಐ ಗುರುತು ಇರತಕ್ಕದ್ದು, ಬಿಲ್ಲಿನಲ್ಲಿ ಪರವಾನಗಿ ಸಂಖ್ಯೆ ನಮೂದಿಸತಕ್ಕದ್ದು’ ಎಂದು ಸೇರಿಸಿದರೆ ಅದು ನಿಮ್ಮಿಬ್ಬರ ನಡುವಿನ ಕರಾರಾಗುತ್ತದೆ. ಆಮದು ಮಾಲಿಗೆ ಬ್ರಿಟನ್ನಿನ ಡಬ್ಲ್ಯುಆರ್‌ಎಎಸ್, ಅಮೆರಿಕದ ಎನ್‌ಎಸ್‌ಎಫ್ ಎಂಬ ಸಂಸ್ಥೆಗಳ ಪ್ರಮಾಣಪತ್ರ ತೋರಿಸುತ್ತಾರೆ. ಗುಣಮಟ್ಟಕ್ಕೆ ಅವು ಒಳ್ಳೆಯ ಸಾಕ್ಷಿಯೇ, ಆದರೆ ಐಎಸ್‌ಐ ಕೇಳುವ ಕಡೆ ಅವು ನಡೆಯುವುದಿಲ್ಲ.

ಮಾಲು ಇಳಿದ ದಿನ

ಐಎಸ್‌ಐ ಚಿಹ್ನೆಯ ತಲೆಯ ಮೇಲೆ ಐಎಸ್ ಸಂಖ್ಯೆ, ಬುಡದಲ್ಲಿ ‘ಸಿಎಂ/ಎಲ್’ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. ಬರೀ ಚಿಹ್ನೆ ಇದ್ದು ಸಂಖ್ಯೆ ಇಲ್ಲದಿದ್ದರೆ ಆ ಮಾಲು ಬೇಡ. ಮೊಬೈಲಿನಲ್ಲಿ ‘ಬಿಐಎಸ್ ಕೇರ್’ ಆ್ಯಪ್ ತೆರೆದು, ‘ವೆರಿಫೈ ಲೈಸೆನ್ಸ್ ಡೀಟೇಲ್ಸ್’ ಒತ್ತಿ, ಸಂಖ್ಯೆ ಹಾಕಿ. ತೆರೆಯಲ್ಲಿ ಬರುವ ವಿವರದಲ್ಲಿ ನಾಲ್ಕು ವಿಷಯ ತಾಳೆಯಾಗಬೇಕು: ತಯಾರಕರ ಹೆಸರು ಮತ್ತು ವಿಳಾಸ, ಐಎಸ್ ಸಂಖ್ಯೆ, ಪರವಾನಗಿ ಚಾಲ್ತಿಯಲ್ಲಿದೆಯೇ ಎಂಬುದು, ನೀವು ತಂದ ಬಗೆ ಮತ್ತು ಅಳತೆ ಅದರಲ್ಲಿ ಸೇರಿದೆಯೇ ಎಂಬುದು. ಹೆಚ್ಚಿನವರು ಹೆಸರು ಕಂಡ ಕೂಡಲೇ ಆ್ಯಪ್ ಮುಚ್ಚಿಬಿಡುತ್ತಾರೆ. ತಪ್ಪು ಸಿಕ್ಕಿಬೀಳುವುದು ನಾಲ್ಕನೆಯದರಲ್ಲಿ.

ಸಣ್ಣ ಫಿಟ್ಟಿಂಗ್‌ಗಳಲ್ಲಿ ಪೂರ್ತಿ ವಿವರ ಕೆಲವೊಮ್ಮೆ ಡಬ್ಬಿಯ ಲೇಬಲ್ ಮೇಲಷ್ಟೇ ಸಿಗುತ್ತದೆ. ಕೊಡಗಿನ ಜೂನ್, ಜುಲೈ ತಿಂಗಳಲ್ಲಿ ಶೆಡ್ಡಿನಲ್ಲಿಟ್ಟ ರಟ್ಟಿನ ಡಬ್ಬಿ ತೇವ ಹೀರಿ ಮೆತ್ತಗಾಗಿ, ಲೇಬಲ್ ಕಳಚಿಕೊಂಡು, ಶಾಯಿ ಕಲಸಿಹೋಗುತ್ತದೆ. ಆಮೇಲೆ ಯಾವ ನಲ್ಲಿ ಯಾವ ಡಬ್ಬಿಯದು ಎಂದು ಹೇಳಲು ಯಾರಿಂದಲೂ ಆಗದು. ಲಾರಿಯಿಂದ ಇಳಿದ ದಿನವೇ ಡಬ್ಬಿ ಮತ್ತು ನಲ್ಲಿಯನ್ನು ಜೊತೆಗಿಟ್ಟು ಫೋಟೋ ತೆಗೆಯಿರಿ. ಪ್ರತಿ ಬಗೆಯ ಒಂದು ಲೇಬಲ್ ಕತ್ತರಿಸಿ ಪ್ಲಾಸ್ಟಿಕ್ ಕವರಿನಲ್ಲಿಡಿ.

ಅಯಸ್ಕಾಂತ ಹಿಡಿದು ‘ಅಂಟಲಿಲ್ಲ, ಹಿತ್ತಾಳೆಯೇ’ ಎನ್ನುವ ಪರೀಕ್ಷೆಯನ್ನು ನಂಬಬೇಡಿ. ಅಯಸ್ಕಾಂತಕ್ಕೆ ಸತು ಮಿಶ್ರಲೋಹವೂ ಅಂಟುವುದಿಲ್ಲ. ಅಂಥ ಬಾಡಿಯ ನಲ್ಲಿ ಹೊಸದರಲ್ಲಿ ಫಳಫಳ ಎನ್ನುತ್ತದೆ. ದಿನಕ್ಕೆ ನೂರು ಕೈ ಬೀಳುವ ಕಡೆ ನಟ್ ಬಿಗಿಯುವ ಕತ್ತಿನಲ್ಲೇ ಮುರಿಯುತ್ತದೆ.

ನೀರು ಮತ್ತು ಒತ್ತಡ

ಪರವಾನಗಿ ಇರುವ ಮಾಲೂ ಕೊಡಗಿನಲ್ಲಿ ಕೈಕೊಡುವುದು ಹೆಚ್ಚಾಗಿ ಇವೆರಡು ಕಾರಣಕ್ಕೆ.

ತೋಟದ ಎತ್ತರದಲ್ಲಿ ಟ್ಯಾಂಕ್, ಇಳಿಜಾರಿನ ಕೆಳಗೆ ಕಟ್ಟಡ ಇರುವುದು ಇಲ್ಲಿ ಮಾಮೂಲು. 10 ಮೀಟರ್ ಎತ್ತರಕ್ಕೆ ಸುಮಾರು 1 ಕೆಜಿ (ಚದರ ಸೆಂ.ಮೀ.ಗೆ) ಒತ್ತಡ ಎಂದು ಲೆಕ್ಕ ಹಾಕಿ. ಟ್ಯಾಂಕ್ 60 ಮೀಟರ್ ಮೇಲಿದ್ದರೆ ನಲ್ಲಿಗಳೆಲ್ಲ ಮುಚ್ಚಿರುವ ರಾತ್ರಿ ಹೊತ್ತಿನಲ್ಲಿ ಲೈನಿನ ಮೇಲೆ 6 ಕೆಜಿ ಕೂತಿರುತ್ತದೆ. ಬೆಳಿಗ್ಗೆ ಬಾತ್‌ರೂಮಿನಲ್ಲಿ ಕನೆಕ್ಷನ್ ಪೈಪ್ ಒಡೆದು ನೀರು ನಿಂತಿರುವುದು ಇದರಿಂದಲೇ. ನಲ್ಲಿಯ ಕ್ಯಾಟಲಾಗಿನಲ್ಲಿ ಗರಿಷ್ಠ ಕೆಲಸದ ಒತ್ತಡ ಬರೆದಿರುತ್ತದೆ. ಅದನ್ನು ಮೀರಿದರೆ ವಾರಂಟಿ ಕೇಳುವ ಹಕ್ಕೂ ಹೋಗುತ್ತದೆ. ಕಟ್ಟಡದ ಒಳಗೆ ಬರುವ ಮುಖ್ಯ ಲೈನಿಗೆ ಮೊದಲು ಕಸ ಸೋಸುವ ಸ್ಟ್ರೈನರ್, ನಂತರ ಒತ್ತಡ ತಗ್ಗಿಸುವ ಪಿಆರ್‌ವಿ ವಾಲ್ವ್, ಅದರ ಎರಡೂ ಕಡೆ ಒತ್ತಡ ತೋರಿಸುವ ಗೇಜ್ ಹಾಕಿಸಿ 2.5ರಿಂದ 3 ಕೆಜಿಗೆ ಹೊಂದಿಸಿ. ಸ್ಟ್ರೈನರ್ ಬಿಟ್ಟರೆ ಮಳೆಗಾಲದ ಕೆಸರು ನೀರಿಗೆ ಪಿಆರ್‌ವಿಯ ಸೀಟೇ ಸವೆದು ಹೋಗುತ್ತದೆ. ಫ್ಲಶ್ ವಾಲ್ವ್ ಹಾಕುವುದಾದರೆ ಅದರ ಕನಿಷ್ಠ ಒತ್ತಡವನ್ನೂ ನೋಡಿ; ಒಂದೇ ಅಂತಸ್ತಿನ ಕಟ್ಟಡದ ಟೆರೇಸ್ ಟ್ಯಾಂಕಿನಿಂದ ಅಷ್ಟು ಸಿಗುವುದು ಕಷ್ಟ, ಅಲ್ಲಿ 6 ಮತ್ತು 3 ಲೀಟರಿನ ಡ್ಯುಯಲ್ ಫ್ಲಶ್ ಟ್ಯಾಂಕೇ ಸರಿ.

ನೀರಿನ ಪರೀಕ್ಷೆಯನ್ನು ಆರ್ಡರಿಗೆ ಮುಂಚೆ ಮಾಡಿಸಿ. ಕುಡಿಯುವ ನೀರಿನ ಮಾನಕ ಐಎಸ್ 10500 ಪ್ರಕಾರ ಪಿಎಚ್ 6.5ರಿಂದ 8.5ರೊಳಗಿರಬೇಕು. ಅದಕ್ಕಿಂತ ಹುಳಿಯಾದ (ಪಿಎಚ್ ಕಡಿಮೆ ಇರುವ), ಮೆದು ನೀರು ಹಿತ್ತಾಳೆಯಿಂದ ಸತುವನ್ನು ಎಳೆದುಕೊಳ್ಳುತ್ತದೆ. ಹೊರಗೆ ಕ್ರೋಮ್ ಹಾಗೇ ಇದ್ದು ಒಳಗೆ ಲೋಹ ಕೆಂಪಗೆ ಸ್ಪಂಜಿನಂತಾಗಿರುತ್ತದೆ. ಬೋರ್‌ವೆಲ್ ನೀರಿನಲ್ಲಿ ಕಬ್ಬಿಣ ಹೆಚ್ಚಿದ್ದರೆ ಪುಶ್ ನಲ್ಲಿಯ ಸೂಜಿತೂತು ಕಟ್ಟಿ, ನೀರು ನಿಲ್ಲದೆ ಸುರಿಯುತ್ತಿರುತ್ತದೆ. ‘ನಲ್ಲಿ ಡೂಪ್ಲಿಕೇಟ್’ ಎಂದು ಅಂಗಡಿಗೆ ಹಿಂದಿರುಗಿಸುವ ಎಷ್ಟೋ ನಲ್ಲಿಗಳಲ್ಲಿ ಇರುವುದು ಈ ತುಕ್ಕಿನ ಕೆಸರು ಮಾತ್ರ. ಕಬ್ಬಿಣ ತೆಗೆಯುವ ಫಿಲ್ಟರ್ ಹಾಕಿ, ಪ್ರತಿ ಬೇಸಿನ್ ಕೆಳಗೆ ಜಾಲರಿ ಇರುವ ಆಂಗಲ್ ಕಾಕ್ ಕೊಡಿ.

ಕೂರಿಸುವಾಗ

ಸಿಪಿವಿಸಿ ಲೈನಿಗೆ ನಲ್ಲಿ ಕೂರುವ ಜಾಗದಲ್ಲಿ ಹಿತ್ತಾಳೆ ತಿರುಪಿನ ಎಲ್ಬೋ ಅಥವಾ ಟೀ ಹಾಕಿ. ಪ್ಲಾಸ್ಟಿಕ್ ತಿರುಪಿಗೆ ಲೋಹದ ನಲ್ಲಿ ಬಿಗಿದರೆ ಕೆಲವೇ ತಿಂಗಳಲ್ಲಿ ಕೂದಲೆಳೆ ಬಿರುಕು ಬಿಡುತ್ತದೆ, ಸೋರಿಕೆ ಗೋಡೆಯ ಒಳಗೇ ಆಗುತ್ತದೆ. ಗೋಡೆ ಮುಚ್ಚುವ ಮುನ್ನ ಎಲ್ಲ ಬಾಯಿಗೂ ಪ್ಲಗ್ ಹಾಕಿ, ಹ್ಯಾಂಡ್ ಪಂಪಿನಿಂದ ಕೆಲಸದ ಒತ್ತಡದ ಒಂದೂವರೆ ಪಟ್ಟು ಏರಿಸಿ, ಎರಡು ಗಂಟೆ ಗೇಜ್ ಇಳಿಯದೆ ನಿಲ್ಲುವುದನ್ನು ನೋಡಿ. ಗೇಜಿನ ಫೋಟೋ ಶುರುವಿನಲ್ಲೊಂದು, ಕೊನೆಯಲ್ಲೊಂದು. ನಲ್ಲಿ ಜೋಡಿಸಿ ಈ ಪರೀಕ್ಷೆ ಮಾಡಬೇಡಿ, ಒಳಗಿನ ನೀರು ತೆರೆದು ಮುಚ್ಚುವ ಕಾರ್ಟ್ರಿಜ್ ಹಾಳಾಗುತ್ತದೆ.

ಟ್ರ್ಯಾಪ್‌ಗಳಲ್ಲಿ (ಮಲಿನ ನೀರಿನ ಪೈಪಿನ ಬಾಗಿದ ಭಾಗ) ದುರ್ವಾಸನೆ ತಡೆಯುವ 50 ಮಿ.ಮೀ. ನೀರಿನ ಸೀಲ್ ಇರಬೇಕು. ಹೆಲ್ತ್ ಫಾಸೆಟ್‌ನ ಪೈಪ್ ಕಮೋಡಿನೊಳಗೆ ಜೋತು ಬಿದ್ದಿರುವಾಗ ಲೈನಿನಲ್ಲಿ ಒತ್ತಡ ಕುಸಿದರೆ ಕೊಳಕು ನೀರು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಅದರ ಲೈನಿಗೆ ನಾನ್ ರಿಟರ್ನ್ ವಾಲ್ವ್ ಇರಲಿ, ಹುಕ್ ಕಮೋಡಿನ ಅಂಚಿಗಿಂತ ಮೇಲಿರಲಿ.

ಸಾರ್ವಜನಿಕರು ಬರುವ ಜಾಗಕ್ಕೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಅನ್ವಯಿಸುತ್ತದೆ. ಅಂಗವಿಕಲಸ್ನೇಹಿ ಶೌಚಾಲಯದ ಬಾಗಿಲು ತೆರೆದಾಗ 900 ಮಿ.ಮೀ. ಜಾಗ ಸಿಗಬೇಕು, ಕಮೋಡಿನ ಸೀಟು 450ರಿಂದ 480 ಮಿ.ಮೀ. ಎತ್ತರದಲ್ಲಿರಬೇಕು, ನಲ್ಲಿ ಲಿವರ್ ಅಥವಾ ಸೆನ್ಸರ್ ಬಗೆಯದಾಗಿರಬೇಕು. ಸೆನ್ಸರ್ ಆದರೆ ಬ್ಯಾಟರಿಯದೇ ಕೊಳ್ಳಿ. ಗಾಳಿಮಳೆಗೆ ದಿನಗಟ್ಟಲೆ ಕರೆಂಟ್ ಹೋಗುವ ಊರುಗಳಲ್ಲಿ ಅಡಾಪ್ಟರ್ ನಂಬಿ ಕೂರಲಾಗದು.

ಕಡತದಲ್ಲಿ ಇರಬೇಕಾದ್ದು

ಮಡಿಕೇರಿ ನಗರಸಭೆಯಾಗಲಿ, ಕುಶಾಲನಗರ, ವಿರಾಜಪೇಟೆಯ ಸ್ಥಳೀಯ ಸಂಸ್ಥೆಯಾಗಲಿ, ನಿಮ್ಮ ಗ್ರಾಮ ಪಂಚಾಯಿತಿಯಾಗಲಿ, ಪರವಾನಗಿಗೆ ಯಾವ ಯಾವ ಕಾಗದ ಬೇಕೆಂದು ಕೆಲಸಕ್ಕೆ ಮೊದಲೇ ಬರಹದಲ್ಲಿ ಕೇಳಿ. ನಿಮ್ಮ ಕಡತದಲ್ಲಿ ಆರ್ಡರ್, ಐಎಸ್ ಸಂಖ್ಯೆ ಇರುವ ಬಿಲ್, ದಿನಾಂಕ ಕಾಣುವ ಬಿಐಎಸ್ ಕೇರ್ ಸ್ಕ್ರೀನ್‌ಶಾಟ್, ಲೇಬಲ್‌ಗಳು, ನೀರಿನ ವರದಿ, ಒತ್ತಡ ಪರೀಕ್ಷೆಯ ಫೋಟೋ, ಗೋಡೆಯೊಳಗಿನ ಪೈಪ್ ಎಲ್ಲೆಲ್ಲಿ ಹೋಗಿದೆ ಎಂಬ ನಕ್ಷೆ ಇರಲಿ. ಸ್ಕ್ರೀನ್‌ಶಾಟ್‌ಗೆ ದಿನಾಂಕ ಯಾಕೆಂದರೆ, ಪರವಾನಗಿ ಮುಂದೆ ರದ್ದಾದರೂ ಖರೀದಿಯ ದಿನ ಚಾಲ್ತಿಯಲ್ಲಿತ್ತು ಎಂದು ತೋರಿಸಲು ಅದು ನಿಮ್ಮ ಕೈಲಿರುವ ಸಾಕ್ಷಿ.

ಸೆಪ್ಟಿಕ್ ಟ್ಯಾಂಕಿಗೆ ಐಎಸ್ 2470 ಇದೆ. ತುಂಬಿದ ಟ್ಯಾಂಕಿನ ನೀರನ್ನು ತೊರೆಗೆ ಬಿಡುವುದು 1974ರ ಜಲಮಾಲಿನ್ಯ ಕಾಯ್ದೆಯ ಪ್ರಕಾರ ನಿಷಿದ್ಧ, ಮನುಷ್ಯರನ್ನು ಇಳಿಸಿ ಬಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅಪರಾಧ. ಸಕ್ಕಿಂಗ್ ಯಂತ್ರದ ಗಾಡಿ ಕರೆಸಿ, ಅದರ ರಸೀದಿಯನ್ನೂ ಇದೇ ಕಡತಕ್ಕೆ ಸೇರಿಸಿ. ನಲ್ಲಿಯ ಕಾರ್ಟ್ರಿಜ್, ವಾಷರ್ ಬದಲಿಸಿದಾಗಲೂ ಬಿಲ್ ಇಡಿ. ಬೇರೆ ಕಂಪನಿಯ ಬಿಡಿಭಾಗ ಹಾಕಿದ ನಲ್ಲಿಗೆ ಕಂಪನಿಯವರು ವಾರಂಟಿ ಕೊಡುವುದಿಲ್ಲ.